ಪೊರಕೆಗೆ ಸಿಗದ ಒಂದು ಸಾಲು

ಅವಳಿಗೆ ‘ಪೊರಕೆ’ ಎಂದು ಹೆಸರಿಟ್ಟವರು ಅವಳ ಮಾವ. ಅದೂ ಮದುವೆಗೆ ಮುಂಚೆ, ಅವಳ ಮುಖವನ್ನೇ ನೋಡಿರದ ಕಾಲದಲ್ಲಿ. ಆಗ ಅವರು ಮಾವನೂ ಆಗಿರಲಿಲ್ಲ. ಮೇಲ್‌ನಲ್ಲಿ ಜಗಳವಾಡುವ ಒಬ್ಬ ಹಿರಿಯ ಪ್ರೋಗ್ರಾಮರ್, ಅಷ್ಟೆ. ಅವಳು ಕಳಿಸಿದ ಮೊದಲ ತಿದ್ದುಪಡಿಯಲ್ಲಿ ಸೇರಿಸಿದ್ದು ಬೆರಳೆಣಿಕೆಯ ಸಾಲು, ಕಿತ್ತು ಹಾಕಿದ್ದು ಬುಟ್ಟಿಗಟ್ಟಲೆ. ‘ಇದು ತಿದ್ದುಪಡಿಯಲ್ಲ, ಪೊರಕೆ’ ಎಂದು ಅವರು ಎಲ್ಲರಿಗೂ ಕಾಣುವಂತೆ ಬರೆದರು. ಬೈಗುಳ ಅವಳಿಗೆ ಬಿರುದಿನಂತೆ ಕೇಳಿಸಿತು. ಮರುದಿನದಿಂದ ತನ್ನ ಮೇಲ್‌ಗಳ ಕೆಳಗೆ ಅದನ್ನೇ ಹಾಕಿಕೊಳ್ಳತೊಡಗಿದಳು.

ಅವಳ ಕಸುಬಿನಲ್ಲಿ ಎಲ್ಲರೂ ಬರೆದ ಸಾಲುಗಳನ್ನು ತೋರಿಸಿ ಎದೆಯುಬ್ಬಿಸುತ್ತಾರೆ. ಪೊರಕೆಯ ಖುಷಿಯೇ ಬೇರೆ. ಇಡೀ ದಿನ ತಲೆ ಕೆರೆದುಕೊಂಡು, ಸಂಜೆಯ ಹೊತ್ತಿಗೆ ಕೋಡ್ ಬೆಳಗಿಗಿಂತ ಸಣ್ಣದಾಗಿ, ಆದರೂ ಮುಂಚಿನಷ್ಟೇ ಕೆಲಸ ಮಾಡುತ್ತಿದ್ದರೆ ಅವಳು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಶಿಳ್ಳೆ ಹೊಡೆಯುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದದ್ದು ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವ ಕಾರ್ಖಾನೆಯ ಮೇಲ್ಮಹಡಿಯಲ್ಲಿ. ಕೆಳಗೆ ಬೆಸುಗೆಯ ವಾಸನೆ, ಮೇಲೆ ಇವಳ ಶಿಳ್ಳೆ. ಅದು ಕೇಳಿದರೆ ಎಲ್ಲೋ ಒಂದು ಮೂಲೆ ಖಾಲಿಯಾಯಿತೆಂದು ಬೆಸುಗೆ ಹಾಕುವ ಹೆಂಗಸರು ನಗುತ್ತಿದ್ದರು.

ಅವಳ ಕೆಲಸವೇನೆಂದು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ತೊಡಕು ಬೇಡ. ಅಂಗಡಿಯ ತಕ್ಕಡಿಯ ಹೊಟ್ಟೆಯಲ್ಲೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಆ ಕರ್ನಲ್‌ಗೆ ತೂಕ ಅಳೆಯುವ ಚಿಪ್‌ನ ಭಾಷೆ ಬರುವುದಿಲ್ಲ, ಚಿಪ್‌ಗೆ ಕರ್ನಲ್‌ನದು ಬರುವುದಿಲ್ಲ. ನಡುವೆ ನಿಂತು ಇಬ್ಬರಿಗೂ ತಿಳಿಸಿ ಹೇಳುವ ಕೋಡ್‌ನ ತುಂಡೇ ಡ್ರೈವರ್. ಪೊರಕೆಯ ತಕ್ಕಡಿಗಳಲ್ಲಿದ್ದ ಕರ್ನಲ್ ಯಾವ ಧಣಿಯ ಆಸ್ತಿಯೂ ಅಲ್ಲ. ಬೀದಿ ನಲ್ಲಿಯ ಹಾಗೆ. ಯಾರು ಬೇಕಾದರೂ ಹಿಡಿಯಬಹುದು, ಸೋರಿದರೆ ಯಾರಾದರೂ ಬಂದು ರಿಪೇರಿ ಮಾಡಬೇಕು. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ದೇಶದ ಜನ ಮೇಲ್‌ನಲ್ಲೇ ತಿದ್ದುಪಡಿ ಕಳಿಸಿ, ಮೇಲ್‌ನಲ್ಲೇ ಬೈದಾಡಿ, ಮೇಲ್‌ನಲ್ಲೇ ಒಪ್ಪುತ್ತಾರೆ.

ಆ ಕರ್ನಲ್‌ಗೆ ತಕ್ಕಡಿಯ ಮೊದಲ ಡ್ರೈವರ್ ಬರೆದವರು ಮಾವ. ಆಮೇಲೆ ಹೊಸ ಚಿಪ್ ಬಂದಾಗಲೆಲ್ಲ ಯಾರೋ ಒಬ್ಬರು ಹಿಂದಿನ ಫೈಲನ್ನು ಹಾಗೇ ನಕಲು ಮಾಡಿ, ಹೆಸರು ಬದಲಿಸಿ, ಎರಡು ಅಂಕಿ ತಿದ್ದಿ, ಕೈ ತೊಳೆದುಕೊಂಡರು. ಹೀಗೆ ಒಂಬತ್ತು ಫೈಲುಗಳಾದವು. ಒಂದು ಸಂಘಟನೆ ಒಡೆದು ಒಂಬತ್ತು ಬಣವಾದರೆ ಹೇಗಿರುತ್ತದೆಯೋ ಹಾಗೆ: ಬಾವುಟದ ಅಂಚು ಮಾತ್ರ ಬೇರೆ, ಘೋಷಣೆ ಅದೇ, ತಪ್ಪೂ ಅದೇ. ಒಂದರಲ್ಲಿ ತೂತು ಮುಚ್ಚಿದರೆ ಉಳಿದ ಎಂಟರಲ್ಲಿ ಅದೇ ತೂತು ಬಾಯಿ ತೆರೆದುಕೊಂಡಿರುತ್ತಿತ್ತು. ಪೊರಕೆ ಒಂದೇ ತೇಪೆಯನ್ನು ಎಲ್ಲ ಕಡೆ ಹಚ್ಚಿ ಹಚ್ಚಿ ರೋಸಿಹೋಗಿದ್ದಳು.

ಇಂಥದ್ದೇ ಒಂದು ತೇಪೆಯ ವಿಷಯಕ್ಕೆ ಅವಳು ಮಾವನ ಮನೆಯ ಮೆಟ್ಟಿಲು ಹತ್ತಿದ್ದು. ಮೇಲ್‌ನಲ್ಲಿ ಜಗಳ ಮುಗಿಯಲಿಲ್ಲವೆಂದು, ಇಬ್ಬರದೂ ಒಂದೇ ಊರು ಎಂದು ಗೊತ್ತಾಗಿ, ಎದುರೇ ಕೂತು ಇತ್ಯರ್ಥ ಮಾಡಿಕೊಳ್ಳೋಣವೆಂದು ಬಂದವಳಿಗೆ ಬಾಗಿಲು ತೆರೆದದ್ದು ಅವರ ಮಗ. ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನು ಒಳಗೆ ತಿರುಗಿ, ‘ಅಪ್ಪಾ, ನಿನ್ನನ್ನ ಬೈಯೋಕೆ ಯಾರೋ ಬಂದಿದ್ದಾರೆ, ಪಾಪ ದೂರದಿಂದ ನಡ್ಕೊಂಡು ಬಂದಿದ್ದಾರೆ’ ಎಂದು ಕೂಗಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಆ ದಿನದ ಜಗಳ ಇತ್ಯರ್ಥವಾಗಲಿಲ್ಲ, ಉಳಿದದ್ದೆಲ್ಲ ಆಯಿತು.

ಮನೆಯಲ್ಲಿ ನಾಲ್ಕನೆಯವರು ಅತ್ತೆ. ಅಚ್ಚುಕೂಟದಲ್ಲಿ ಮಷಿನ್ ನಡೆಸಿ ನಿವೃತ್ತರಾದವರು. ಮಾತು ಅಳೆದು ತೂಗಿ ಆಡುವ ಅಭ್ಯಾಸ ಅವರಿಗಿರಲಿಲ್ಲ. ಗಂಡನೂ ಸೊಸೆಯೂ ಊಟದ ಮೇಜಿನ ಮೇಲೆ ಕರ್ನಲ್ ಬಿಚ್ಚಿಕೊಂಡು ಕೂತರೆ, ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಕೋಣೆಯಲ್ಲಿ ತಿನ್ನುತ್ತಿದ್ದರು.

ಪೊರಕೆಯ ಯೋಜನೆ ಸರಳವಾಗಿತ್ತು. ಒಂಬತ್ತು ಫೈಲುಗಳಲ್ಲೂ ಒಂದೇ ಆಗಿರುವುದನ್ನೆಲ್ಲ ತೆಗೆದು ಒಂದು ಕಡೆ ಇಡುವುದು, ಅದು ಎಲ್ಲರ ಪಾಲಿನದು. ಪ್ರತಿ ಚಿಪ್‌ಗೂ ತನ್ನದೇ ಆದ ಚಾಳಿಗಳಷ್ಟು ಮಾತ್ರ ಉಳಿಯುವ ಒಂದು ತೆಳ್ಳನೆಯ ಫೈಲು. ಮುಂದೆ ತೂತು ಬಿದ್ದರೆ ಒಂದೇ ಕಡೆ ಮುಚ್ಚಿದರಾಯಿತು. ವರ್ಷವಿಡೀ ಗುಡಿಸಿದಳು. ಎಂಟು ಫೈಲು ನೋಡಿಕೊಳ್ಳುವವರು ‘ಪುಣ್ಯ ಕಟ್ಟಿಕೊಂಡೆ ತಾಯಿ’ ಎಂಬ ಧಾಟಿಯಲ್ಲಿ ಒಪ್ಪಿಗೆ ಕಳಿಸಿದರು. ಎಲ್ಲವೂ ಸಲೀಸಾಗಿ ಬಂದು ಒಂದೇ ಒಂದು ಸಾಲಿಗೆ ಎಡವಿ ನಿಂತಿತು.

ಆ ಸಾಲು ಮಾವನದು. ತಕ್ಕಡಿ ಒಂದು ಸಲ ಅಳೆಯಬೇಕು, ಸಾವಿರದ ಎಂಟುನೂರ ಎಪ್ಪತ್ತು ಮಿಲಿಸೆಕೆಂಡ್, ಅಂದರೆ ಎರಡು ಸೆಕೆಂಡಿಗೆ ತುಸು ಕಡಿಮೆ ಕಾಯಬೇಕು, ಮತ್ತೆ ಅಳೆಯಬೇಕು. ಎರಡೂ ಒಂದೇ ಬಂದರೆ ಮಾತ್ರ ತೂಕ ತೋರಿಸಬೇಕು. ಪಕ್ಕದಲ್ಲಿ ಅವರದೇ ಟಿಪ್ಪಣಿ: ‘ಚಿಪ್ ಉಸಿರು ತೆಗೆದುಕೊಳ್ಳಲಿ. ಈ ಸಾಲು ತೆಗೆಯಬೇಡಿ.’ ನಕಲು ಮಾಡಿದವರು ಟಿಪ್ಪಣಿಯನ್ನೂ ನಕಲು ಮಾಡಿದ್ದರು. ಒಬ್ಬ ‘ದಯವಿಟ್ಟು’ ಸೇರಿಸಿದ್ದ. ಇನ್ನೊಬ್ಬ, ತಾನು ತೆಗೆದು ನೋಡದೆಯೇ, ‘ತೆಗೆದವರು ಕೆಟ್ಟಿದ್ದಾರೆ’ ಎಂದು ಬರೆದಿದ್ದ. ಚಿಪ್ ತಯಾರಿಸಿದವರ ಕೈಪಿಡಿ ನೋಡಿದರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಕಾದರೆ ಸಾಕು ಎಂದಿತ್ತು. ಕಾರ್ಖಾನೆಯ ಎಲ್ಲ ತಕ್ಕಡಿಗಳ ಮೇಲೂ ಪೊರಕೆ ಆ ಸಾಲು ಕಿತ್ತು ಓಡಿಸಿ ನೋಡಿದಳು, ಒಂದೂ ತಪ್ಪಲಿಲ್ಲ. ಆದರೂ ಮೇಲ್‌ನಲ್ಲಿ ಜನ ಕೇಳಲಿಲ್ಲ. ಒಂಬತ್ತು ಜನ ಬೇರೆ ಬೇರೆಯಾಗಿ ಹಾಕಿದ್ದಾರೆಂದರೆ ಏನೋ ಕಾರಣ ಇರಲೇಬೇಕಲ್ಲ ಎಂದರು. ಒಂಬತ್ತು ಬಾಯಿಯಿಂದ ಬಂದದ್ದು ಒಬ್ಬರದೇ ಮಾತು ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಂಗಡಿಯಲ್ಲಿ ಅಷ್ಟು ಹೊತ್ತು ಕಾದರೆ ಯಾರ ಗಂಟೂ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ಕೂಸುಗಳ ತಕ್ಕಡಿಯಲ್ಲೂ ಇದ್ದದ್ದು ಈ ಒಂಬತ್ತರಲ್ಲಿ ಒಂದು. ಮಲಗಿಸಿದ ಕೂಸು ಅಷ್ಟು ಹೊತ್ತು ಕೈಕಾಲು ಆಡಿಸದೆ ಇರುತ್ತದೆಯೇ? ಮೊದಲ ತೂಕಕ್ಕೂ ಎರಡನೆಯದಕ್ಕೂ ತಾಳೆಯಾಗದೆ ಮಷಿನ್ ಮಿನುಗುತ್ತಲೇ ಇರುತ್ತಿತ್ತು. ಪೊರಕೆಯ ಗಂಡ ಮನೆಗೆ ಬಂದು ಗೋಳು ಹೇಳಿಕೊಳ್ಳುತ್ತಿದ್ದ.

‘ಒಂದು ಗಳಿಗೆ ನಿದ್ದೆ ಮಾಡೋ ಅಂತ ಕೂಸಿಗೆ ಕೈ ಮುಗಿದು ಕೇಳ್ತೀವಿ ಕಣೇ. ಅದು ನಮ್ಮ ಮೇಲೇ ಉಚ್ಚೆ ಹೊಯ್ಯುತ್ತೆ. ಕೊನೆಗೆ ಅಂದಾಜಲ್ಲಿ ಬರೀತೀವಿ. ಔಷಧಿ ಎಷ್ಟು ಅನ್ನೋದು ಆ ಅಂದಾಜಿನ ಮೇಲೆ.’

ಆದ್ದರಿಂದ ಪೊರಕೆ ಹಟ ಹಿಡಿದಳು: ಎಲ್ಲರ ಪಾಲಿನ ಫೈಲಿನಲ್ಲಿ ಆ ಸಾಲು ಇರಕೂಡದು. ಮಾವನೂ ಹಟ ಹಿಡಿದರು: ಮಿಕ್ಕಿದ್ದನ್ನೆಲ್ಲ ಗುಡಿಸಿ ಹಾಕು, ಆ ಸಾಲು ಇರಲೇಬೇಕು. ಕರ್ನಲ್‌ನ ಆ ಭಾಗದ ಮೇಲ್ವಿಚಾರಕಿ ದೂರದ ದೇಶದಲ್ಲಿದ್ದ ಖಡಕ್ ಹೆಂಗಸು. ಅವರ ಮೇಲ್ ಚುಟುಕಾಗಿತ್ತು: ಮೊದಲ ಫೈಲು ಬರೆದವರ ಒಪ್ಪಿಗೆಯಿಲ್ಲದೆ ನಾನು ಮುಟ್ಟುವುದಿಲ್ಲ, ಭಾನುವಾರ ತಿದ್ದುಪಡಿ ಸೇರಿಸುವ ಈ ಸುತ್ತಿನ ಬಾಗಿಲು ಹಾಕುತ್ತೇನೆ, ನಿಮ್ಮ ಮನೆ ಜಗಳ ನಿಮ್ಮ ಮನೆಯಲ್ಲೇ ಮುಗಿಸಿ. ಭಾನುವಾರ ತಪ್ಪಿದರೆ ಮುಂದಿನ ಸುತ್ತು ತಿಂಗಳುಗಳಾಚೆ. ಅಷ್ಟರಲ್ಲಿ ಹೊಸ ಚಿಪ್‌ನೊಂದಿಗೆ ಹತ್ತನೆಯ ನಕಲು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಹತ್ತನೆಯದನ್ನು ನೋಡಿ ಹನ್ನೊಂದನೆಯದು. ವರ್ಷದ ಗುಡಿಸಾಟ ನೀರುಪಾಲು, ಕೂಸುಗಳಿಗೆ ಅದೇ ಅಂದಾಜು.

ಗುರುವಾರ ಊಟಕ್ಕೆ ಕೂತಾಗ ಅವಳು ನೇರ ವಿಷಯಕ್ಕೆ ಬಂದಳು.

‘ಮಾವ, ಸಾವಿರದ ಎಂಟುನೂರ ಎಪ್ಪತ್ತೇ ಯಾಕೆ? ಎರಡು ಸಾವಿರ ಯಾಕಲ್ಲ?’

‘ಎರಡು ಸಾವಿರ ಹಾಕಿ ನೋಡಿದೆ, ಬರಲಿಲ್ಲ. ಸಾವಿರದ ಐನೂರು ಹಾಕಿ ನೋಡಿದೆ, ಬರಲಿಲ್ಲ. ಇದು ಬಂತು.’

‘ಯಾಕೆ ಬಂತು?’

‘ಚಿಪ್ ಸೋಮಾರಿ ಕಣಮ್ಮ. ಎದ್ದ ಮೇಲೆ ಸ್ವಲ್ಪ ಹೊತ್ತು ಮೈ ಮುರೀಬೇಕು ಅದಕ್ಕೆ. ನಿನ್ನ ಗಂಡನ ಹಾಗೆ.’

ಗಂಡ ತನ್ನನ್ನು ಎಳೆಯಬೇಡಿರೆಂದು ಕೈಯೆತ್ತಿದ. ಕೈಪಿಡಿಯಲ್ಲಿ ಹಾಗಿಲ್ಲವಲ್ಲ ಎಂದು ಪೊರಕೆ ಹೇಳಿದಾಗ ಮಾವನ ದನಿ ಗಡುಸಾಯಿತು. ಕೈಪಿಡಿ ಬರೆದವನು ಆ ಚಿಪ್‌ನ ಜೊತೆ ಸಂಸಾರ ಮಾಡಿಲ್ಲ, ತಾನು ಮಾಡಿದ್ದೇನೆ ಎಂದರು. ಆ ಅಂಕಿ ಸಿಗುವವರೆಗೆ ಎರಡು ತಿಂಗಳು ನರಳಿದ್ದಾಗಿ, ಹೆಸರು ಬೇಕಾದರೆ ಅಳಿಸಲಿ, ಆದರೆ ನಾಳೆ ಎಲ್ಲೋ ಒಂದು ತಕ್ಕಡಿ ಸುಳ್ಳು ಹೇಳಿದರೆ ಅದಕ್ಕೆ ತಾನು ಕೈ ಜೋಡಿಸುವುದಿಲ್ಲವೆಂದು ಹೇಳಿ ಎದ್ದುಹೋದರು. ಅವರು ನಾಟಕ ಆಡುತ್ತಿರಲಿಲ್ಲ. ನಿಜಕ್ಕೂ ನಂಬಿದ್ದರು. ಅದೇ ಕಷ್ಟವಾದದ್ದು, ಜಂಬದವರನ್ನು ಹೇಗಾದರೂ ಬಗ್ಗಿಸಬಹುದು, ನಂಬಿದವರನ್ನು ಬಗ್ಗಿಸುವುದು ಹೇಗೆ?

ಶನಿವಾರ ಬೆಳಗ್ಗೆ ಪೊರಕೆ ಅಡುಗೆಮನೆಯ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ಕಟ್ಟೆಯ ಮೇಲೆ ಒಂದು ಹಳೇ ತಕ್ಕಡಿ ಇತ್ತು, ಮಾವನ ಕಾಲದ ಮೊದಲ ಮಾದರಿ. ಅತ್ತೆ ಒಂದು ಬಟ್ಟಲು ಹಿಟ್ಟು ಅದರ ಮೇಲಿಟ್ಟರು. ಅಂಕಿ ಮಿನುಗತೊಡಗಿತು. ಅತ್ತೆಯ ಬಲಗೈ ಗಾಳಿಯಲ್ಲಿ ಏನನ್ನೋ ಎತ್ತಿ ಮುಂದಿಟ್ಟಿತು, ಎಡಗೈ ಏನನ್ನೋ ಸರಕ್ಕನೆ ಎಳೆದುಕೊಂಡಿತು. ತೂಕ ಬಂತು. ಈರುಳ್ಳಿ ಇಟ್ಟರು, ಬಲಗೈ, ಎಡಗೈ, ತೂಕ. ಇದನ್ನು ಪೊರಕೆ ಮದುವೆಯಾದಾಗಿನಿಂದ ನೋಡಿದ್ದಳು, ಅತ್ತೆಯ ಕೈಚಾಳಿ ಎಂದುಕೊಂಡಿದ್ದಳು. ವಾರವಿಡೀ ಆ ಒಂದೇ ಅಂಕಿಯನ್ನು ತಲೆಯಲ್ಲಿ ಹೊತ್ತು ತಿರುಗಿದ್ದರಿಂದಲೋ ಏನೋ, ಕೈಗಳ ಆಟವೂ ತಕ್ಕಡಿಯ ಕಾಯುವಿಕೆಯೂ ಒಟ್ಟಿಗೆ ಮುಗಿಯುತ್ತಿವೆ ಎಂಬುದು ಇವತ್ತು ಕಣ್ಣಿಗೆ ಬಿತ್ತು.

‘ಅತ್ತೆ, ಅದೇನು ಕೈ ಆಡಿಸ್ತೀರಿ?’

‘ಯಾವುದು? ಓ, ಇದಾ. ಹಾಳೆ ಹಾಕೋದು. ಬಲಗೈಲಿ ಬಿಳೀ ಹಾಳೆ ಇಡಬೇಕು, ಎಡಗೈಲಿ ಅಚ್ಚಾದದ್ದು ತೆಗೀಬೇಕು. ಈ ತಕ್ಕಡಿ ಮುಂದೆ ನಿಂತ್ರೆ ಕೈ ತಾನಾಗೇ ಹೋಗುತ್ತೆ ನೋಡು. ಸರಿಯಾಗಿ ಒಂದು ಹಾಳೆಯಷ್ಟು ಹೊತ್ತು ತಗೊಳ್ಳುತ್ತೆ ಇದು.’

ಕಾಫಿ ಲೋಟ ಪೊರಕೆಯ ಕೈಯಲ್ಲೇ ನಿಂತಿತು. ಮಾವ ಆ ಡ್ರೈವರ್ ಬರೆಯುತ್ತಿದ್ದಾಗ ಅವರ ಆಫೀಸು ಎಲ್ಲಿತ್ತು ಎಂದು ಕೇಳಿದಳು.

‘ನಮ್ಮ ಅಚ್ಚುಕೂಟದ ಗೋಡೆಯಾಚೆ. ಇಲ್ದಿದ್ರೆ ಆ ಮನುಷ್ಯ ನನಗೆಲ್ಲಿ ಸಿಗ್ತಿದ್ರು?’

ಮಾವನನ್ನು ಅಚ್ಚುಕೂಟದ ಕಡೆ ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಕೊನೆಗೆ ಅತ್ತೆ, ‘ಏನ್ರೀ, ಹುಡುಗಿ ತಪ್ಪಂತ ತೋರಿಸೋಕಾದ್ರೂ ಬನ್ನಿ’ ಎಂದ ಮೇಲೆ ಅಂಗಿ ಹಾಕಿಕೊಂಡರು. ಬಸ್ಸಿನಲ್ಲಿ ಹಳೇ ತಕ್ಕಡಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮುಖ ಊದಿಸಿ ಕೂತರು. ಅತ್ತೆ ದಾರಿಯುದ್ದಕ್ಕೂ ಅಚ್ಚುಕೂಟದ ಕತೆ ಹೇಳಿದರು. ಪೊರಕೆ ಅದನ್ನು ಚೂರುಚೂರಾಗಿ ಕೇಳಿದ್ದಳು, ಇಡಿಯಾಗಿ ಕೇಳಿದ್ದು ಅವತ್ತೇ.

ಆ ಮಷಿನ್‌ನದು ದೊಡ್ಡ ಕಬ್ಬಿಣದ ಬಾಯಿ. ಮೋಟಾರ್ ಅದನ್ನು ತೆರೆದು ಮುಚ್ಚುತ್ತಿತ್ತು, ಹೆಂಗಸರು ಆ ಬಾಯಿಗೆ ಹಾಳೆ ಕೊಟ್ಟು ತೆಗೆಯಬೇಕು. ಮಾಲೀಕ ಬೆಲ್ಟನ್ನು ಪಕ್ಕದ ಗಾಲಿಗೆ ದಾಟಿಸಿ ವೇಗ ಹೆಚ್ಚಿಸಿದ. ಒಬ್ಬಳ ಬೆರಳ ತುದಿ ಹೋಯಿತು. ಮರುದಿನ ಹೆಂಗಸರೆಲ್ಲ ಮಷಿನ್ ಮುಂದೆ ಬಂದು ನಿಂತರು, ಯಾರೂ ಹಾಳೆ ಮುಟ್ಟಲಿಲ್ಲ. ಮಷಿನ್ ಖಾಲಿ ಬಾಯಿ ಬಡಿದುಕೊಳ್ಳುತ್ತಲೇ ಇತ್ತು. ಘೋಷಣೆ ಕೂಗಿದರೆ ಮಾಲೀಕ ಕಿವಿ ಮುಚ್ಚಿಕೊಳ್ಳುತ್ತಿದ್ದನೇನೋ; ಆ ಖಾಲಿ ಬಡಿತವನ್ನು ಅವನಿಗೆ ತಡೆಯಲಾಗಲಿಲ್ಲ. ಕೆಲವೇ ದಿನಗಳಲ್ಲಿ ಕೆಳಗೆ ಬಂದ. ಯಾವ ವೇಗ ಬೇಕು ಎಂದು ಕೇಳಿದ. ಅತ್ತೆ ಹಾಳೆ ಹಾಕಿ ತೋರಿಸಿದರು, ಬೆರಳು ಉಳಿಯುವ ವೇಗ. ಬೆಲ್ಟನ್ನು ಆ ವೇಗಕ್ಕೆ ಕೂರಿಸಿ, ಗಾಲಿಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿದರು. ಆಮೇಲೆ ಯಾರೂ ಅದನ್ನು ಬದಲಿಸಿರಲಿಲ್ಲ.

ಮಾವನ ಹಳೇ ಆಫೀಸು ಈಗ ಪರದೆ ಹೊಲಿಯುವವರ ಅಂಗಡಿಯಾಗಿತ್ತು. ಪಕ್ಕದಲ್ಲಿ ಅಚ್ಚುಕೂಟ ಇನ್ನೂ ಇತ್ತು. ಮಾಲೀಕನ ಮಗಳು ಅದೇ ಹಳೇ ಮಷಿನ್‌ನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಕೊಡುತ್ತಿದ್ದಳು. ಅತ್ತೆಯನ್ನು ಕಂಡವಳೇ ತಾನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಈಚೆ, ಪರದೆಯವರು ಏನೂ ಅರ್ಥವಾಗದೆ, ಆದರೂ ಉತ್ಸಾಹದಿಂದ, ಮೇಜನ್ನು ಗೋಡೆಗೆ ಒತ್ತಿಟ್ಟುಕೊಟ್ಟರು. ತಕ್ಕಡಿ ಮೇಜಿನ ಮೇಲೆ, ತಕ್ಕಡಿಯ ಮೇಲೆ ಪರದೆಯವರ ಕತ್ತರಿ, ಪೊರಕೆಯ ಮಡಿಲಲ್ಲಿ ಲ್ಯಾಪ್‌ಟಾಪ್.

ಗೋಡೆಯಾಚೆ ಮಷಿನ್ ಶುರುವಾಯಿತು. ಧಡ್. ಧಡ್. ಮೇಜಿನ ಮೇಲಿನ ಗುಂಡುಸೂಜಿಗಳು ನಡುಗಿದವು. ಪೊರಕೆ ಮೊದಲು ಕೈಪಿಡಿಯ ಪ್ರಕಾರ ಚೂರೇ ಚೂರು ಕಾಯುವಂತೆ ಮಾಡಿದಳು. ತಕ್ಕಡಿ ಮಿನುಗಿತು, ಮಿನುಗಿತು, ಯಾವ ತೂಕಕ್ಕೂ ನಿಲ್ಲಲಿಲ್ಲ. ಮಾವನ ಅಂಕಿ ಹಾಕಿದಳು. ಕತ್ತರಿಯ ತೂಕ ಬಂಡೆಯ ಹಾಗೆ ಬಂದು ಕೂತಿತು.

‘ನೋಡಿದ್ಯಾ?’ ಮಾವ ತೊಡೆ ತಟ್ಟಿದರು. ‘ನಾನೇನು ಕತೆ ಹೇಳ್ತಿದ್ನಾ?’

ಪೊರಕೆ ಎದ್ದು ಗೋಡೆಯಾಚೆ ಹೋಗಿ ಮಾಲೀಕನ ಮಗಳಿಗೆ ಹೇಳಿ, ಖಾಲಿ ಮಷಿನ್‌ನ ಬೆಲ್ಟನ್ನು ಪಕ್ಕದ ಗಾಲಿಗೆ ದಾಟಿಸಿದಳು. ಧಡ್‌ಧಡ್‌ಧಡ್. ಈಚೆ ಅದೇ ತಕ್ಕಡಿ, ಅದೇ ಅಂಕಿ, ಅದೇ ಕತ್ತರಿ, ಮತ್ತೆ ಮಿನುಗಾಟ. ಆಮೇಲೆ ಮಷಿನ್ ನಿಲ್ಲಿಸಿದರು. ಕೈಪಿಡಿಯ ಚೂರು ಕಾಯುವಿಕೆಗೂ ಸರಿ, ಮಾವನ ಉದ್ದನೆಯದಕ್ಕೂ ಸರಿ, ಯಾವುದಕ್ಕೂ ಸರಿ.

ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಅಳತೆಗಳ ನಡುವೆ ಮಷಿನ್‌ನ ಒಂದು ಇಡೀ ಸುತ್ತು ಮುಗಿದರೆ, ಎರಡೂ ಅಳತೆ ಬಡಿತದ ಒಂದೇ ಜಾಗಕ್ಕೆ ಬೀಳುತ್ತಿದ್ದವು, ತಾಳೆಯಾಗುತ್ತಿದ್ದವು. ಅಷ್ಟೇ ಗುಟ್ಟು. ಮಾವ ಎದ್ದು ಹೋಗಿ ಗೋಡೆಗೆ ಅಂಗೈ ಹಚ್ಚಿ ನಿಂತರು. ಬೆನ್ನು ಅಲುಗಿತು. ಪೊರಕೆ ಗಾಬರಿಯಾಗಿ ಮುಖ ನೋಡಿದರೆ, ನಗುತ್ತಿದ್ದರು. ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ.

‘ಹಾಗಾದ್ರೆ ನಾನು ಎರಡು ತಿಂಗಳು ಕೂತು ಅಳೆದದ್ದು ಚಿಪ್ಪನ್ನಲ್ಲ...’

‘ನನ್ನನ್ನ’ ಎಂದರು ಅತ್ತೆ, ಬಾಗಿಲಲ್ಲಿ ನಿಂತು ರಟ್ಟಿನ ಧೂಳು ಕೊಡವಿಕೊಳ್ಳುತ್ತ. ‘ಗೋಡೆಯಾಚೆ ಬಂದು ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ಅದಕ್ಕೂ ಧೈರ್ಯ ಇರಲಿಲ್ಲ ಆಗ ನಿಮಗೆ.’

ಅಲ್ಲಿಗೆ ಮುಗಿಯಿತು ಎಂದು ಪೊರಕೆ ಅಂದುಕೊಂಡಳು. ಮುಗಿಯಲಿಲ್ಲ. ಪರದೆಯವರು ತಂದುಕೊಟ್ಟ ನೀರು ಕುಡಿದು ಮಾವ ಮೆಲ್ಲಗೆ ಹೊಸ ರಾಗ ತೆಗೆದರು. ಈ ಅಂಕಿ ಇನ್ನು ಬರೀ ಅಂಕಿಯಲ್ಲವಲ್ಲ. ನಾಲ್ಕು ಹೆಂಗಸರು ನಿಂತು ಗೆದ್ದುಕೊಂಡ ವೇಗ ಇದು. ಎಲ್ಲೆಲ್ಲಿಯ ತಕ್ಕಡಿಗಳೋ ಇಷ್ಟು ವರ್ಷ ಅದನ್ನು ಪಾಲಿಸಿಕೊಂಡು ಬಂದಿವೆ. ಇಂಥದ್ದನ್ನು ಅಳಿಸಬಹುದೇ? ಮುಂಚೆ ಚಿಪ್‌ಗಾಗಿ ಬೇಡವೆಂದಿದ್ದರು, ಈಗ ಹೆಂಡತಿಗಾಗಿ ಬೇಡವೆನ್ನುತ್ತಿದ್ದರು. ಪೊರಕೆಗೂ ಒಂದು ಕ್ಷಣ ಹೌದೆನ್ನಿಸಿಬಿಟ್ಟಿತ್ತು.

ಅತ್ತೆಗೆ ಅನ್ನಿಸಲಿಲ್ಲ.

‘ಏನ್ರೀ, ನಾವು ನಿಂತದ್ದು ಬೆರಳಿಗೆ. ಬೆರಳು ಉಳೀತು, ನೋಡಿ, ಹತ್ತೂ ಇದೆ. ಅಲ್ಲಿಗೆ ಅದರ ಕೆಲಸ ಮುಗೀತು. ಆಸ್ಪತ್ರೆಯಲ್ಲಿ ಕೂಸು ಬರೀ ಮೈಲಿ ನಡುಗ್ತಾ ಮಲಗಿರಬೇಕಾ, ನನ್ನ ಹೆಸರಲ್ಲಿ? ತೆಗೀರಿ ಅತ್ಲಾಗೆ.’

ಮಾವ ಹೆಂಡತಿಯ ಕೈಗಳನ್ನು ನೋಡಿದರು. ಆಮೇಲೆ ಸೊಸೆಯ ಲ್ಯಾಪ್‌ಟಾಪ್ ಎಳೆದುಕೊಂಡು, ಪರದೆಯವರ ಮೇಜಿನ ಮೇಲೆಯೇ ಒಪ್ಪಿಗೆ ಬರೆಯತೊಡಗಿದರು. ಬರೆದರು, ಬರೆದರು. ಗೋಡೆ, ಮಷಿನ್, ಗಾಲಿಯ ಕೆಂಪು ಗುರುತು, ಹಾಳೆ ಮುಟ್ಟದೆ ನಿಂತ ಹೆಂಗಸರು, ತಾನು ಎಂಥ ಮುಠ್ಠಾಳ ಎಂಬುದು, ಎಲ್ಲ. ತಿದ್ದುಪಡಿಯ ಜೊತೆ ಹೋಗುವ ವಿವರಣೆ ಎರಡು ಸಾಲಿದ್ದರೆ ಸಾಕೆಂದು ಪೊರಕೆ ಅಭ್ಯಾಸಬಲದಿಂದ ಕತ್ತರಿಸಲು ಹೋದಳು. ಮಾವ ಅವಳ ಕೈ ಸರಿಸಿದರು. ಕೋಡ್ ನಿನ್ನದು, ಬೇಕಾದಷ್ಟು ಗುಡಿಸು, ಇದರ ಮೇಲೆ ಪೊರಕೆ ಆಡಿಸಬೇಡ ಎಂದರು.

ಭಾನುವಾರ ಮೇಲ್ವಿಚಾರಕಿಯ ಉತ್ತರ ಬಂತು. ಕೋಡಿಗಿಂತ ಕತೆಯೇ ಉದ್ದವಾಗಿದೆ, ನಿಯಮದ ಪ್ರಕಾರ ವಾಪಸ್ ಕಳಿಸಬೇಕು, ಕಳಿಸುವುದಿಲ್ಲ, ಸೇರಿಸಿದ್ದೇನೆ ಎಂದು ಬರೆದಿದ್ದರು. ‘ತೆಗೆದವರು ಕೆಟ್ಟಿದ್ದಾರೆ’ ಎಂದು ಬರೆದಿದ್ದ ಮನುಷ್ಯ ಮೇಲ್‌ನಲ್ಲಿ ಕೈ ಮುಗಿದ. ಇನ್ನೊಬ್ಬ, ಅಚ್ಚುಕೂಟದ ಅಮ್ಮನಿಗೆ ನಮಸ್ಕಾರ, ಇಷ್ಟು ವರ್ಷ ನಮ್ಮ ಗಿರಾಕಿಗಳನ್ನೆಲ್ಲ ನೀವೇ ಕಾಯಿಸಿದಿರಿ ಎಂದ. ಕೋಡ್ ಒಂಬತ್ತು ಮನೆಗಳಿಂದ ಹೊರಬಿದ್ದು ಒಂದು ಸೂರಿನಡಿ ಬಂತು. ಪೊರಕೆ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಶಿಳ್ಳೆ ಹೊಡೆದಳು. ಪಕ್ಕದ ಕೋಣೆಯಿಂದ, ಮಾವನ ಹಲ್ಲಿಲ್ಲದ ಕಡೆ ಗಾಳಿ ಸೋರಿ ಕೀರಲಾಗಿ, ಇನ್ನೊಂದು ಶಿಳ್ಳೆ ಉತ್ತರ ಕೊಟ್ಟಿತು.

ಆಸ್ಪತ್ರೆಯ ತಕ್ಕಡಿಗೆ ಹೊಸ ಕರ್ನಲ್ ಬರಲು ಸ್ವಲ್ಪ ಕಾಲ ಹಿಡಿಯಿತು. ಬಂದ ದಿನ ಗಂಡ ಮನೆಗೆ ಬಂದು, ಕೂಸು ಒದೆಯಲು ಕಾಲೆತ್ತುವ ಮೊದಲೇ ತೂಕ ಬಂತು ಎಂದು ಎಲ್ಲರಿಗೂ ಅಭಿನಯಿಸಿ ತೋರಿಸಿದ. ಅಡುಗೆಮನೆಯ ತಕ್ಕಡಿಗೆ ಮಾತ್ರ ಪೊರಕೆ ಆ ಭಾನುವಾರವೇ ಹೊಸದನ್ನು ಹಾಕಿದ್ದಳು, ಯಾರಿಗೂ ಹೇಳದೆ. ಸಂಜೆ ಅತ್ತೆ ಹಿಟ್ಟಿನ ಬಟ್ಟಲು ಇಟ್ಟರು. ಬಲಗೈ ಹಾಳೆ ಎತ್ತಲು ಮೇಲೆದ್ದಿತು. ಅಷ್ಟರಲ್ಲಿ ತೂಕ ಬಂದು ಕೂತಿತ್ತು. ಕೈ ಗಾಳಿಯಲ್ಲೇ ನಿಂತಿತು. ಅತ್ತೆ ತಕ್ಕಡಿಯನ್ನು ಮೇಲಿಂದ ಕೆಳಗೆ ನೋಡಿದರು.

‘ಇದೇನೇ ಇದು,’ ಎಂದರು ಸೊಸೆಯ ಕಡೆ ತಿರುಗಿ, ‘ಮಾಲೀಕನ ಕಡೆ ಸೇರ್ಕೊಂಡಿತಾ?’